ಕೊಲೋನಿಗೆ ಹೋಗಿ ಕೇಳಿಸಿಕೊಂಡಿದ್ದು

ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಕೊಲೋನಿಗೆ ಹೊರಟ ರೈಲು ಒಂದು ಗಂಟೆ ಗಾಳಿಯಂತೆ ಓಡಿ, ಹೊಹೆನ್‌ಝೊಲರ್ನ್ ಸೇತುವೆ ಹತ್ತಿದ ಮೇಲೆ ಎತ್ತಿನ ಗಾಡಿಯಷ್ಟು ನಿಧಾನವಾಯಿತು. ಕೆಳಗೆ ರೈನ್ ನದಿ. ಸೇತುವೆಯ ಜಾಲರಿಗೆ ಪ್ರೇಮಿಗಳು ಸಿಕ್ಕಿಸಿ ಹೋದ ಬೀಗಗಳು, ಒಂದರ ಮೇಲೊಂದು, ತುಕ್ಕು ಹಿಡಿದವು, ಹೊಸವು. ಎದುರಿಗೆ ಮಸಿ ಬಳಿದಂತೆ ಕಪ್ಪಾದ ಎರಡು ಗೋಪುರ. ನಿಲ್ದಾಣದ ಬಾಗಿಲು ದಾಟಿದರೆ ಸಾಕು, 157 ಮೀಟರ್ ಎತ್ತರದ ಕತೀಡ್ರಲ್ ಮೈಮೇಲೆ ಬಂದ ಹಾಗೆ ನಿಂತಿರುತ್ತದೆ. 1248ರಲ್ಲಿ ಶುರು ಮಾಡಿದವರು 1880ರಲ್ಲಿ ಮುಗಿಸಿದರಂತೆ. ಎಲ್ಲರೂ ಕತ್ತೆತ್ತಿ ಫೋಟೋ ತೆಗೆಯುತ್ತಿದ್ದರು, ನಾನೂ ತೆಗೆದೆ.

ಕರೆದುಕೊಂಡು ಹೋಗಲು ಬಂದಿದ್ದ ಚಿಕ್ಕಪ್ಪನ ಮಗ ಸೂಟ್‌ಕೇಸ್ ಕೈಗೆ ತಗೊಂಡು, “ಅಣ್ಣಾ, ಮೊದಲು ಮನೆಗೆ ಹೋಗಿ ಸ್ನಾನ ಮಾಡಿ ಊಟ ಮಾಡೋಣ್ವಾ?” ಅಂದ.

“ಒಪೆರಾ ಹೌಸ್ ಎಷ್ಟು ದೂರ?”

“ನಡೆದರೆ ಹತ್ತು ನಿಮಿಷ. ಆದರೆ ಅದು ಮುಚ್ಚಿದೆಯಲ್ಲ ಅಣ್ಣಾ, ರಿಪೇರಿ ನಡೀತಿದೆ.”

ಗೊತ್ತಿತ್ತು. 2012ರಲ್ಲಿ ನವೀಕರಣಕ್ಕೆಂದು ಮುಚ್ಚಿದ ಕಟ್ಟಡ ಅದು. 2015ಕ್ಕೆ ತೆರೆಯಬೇಕಿದ್ದದ್ದು ಮುಂದಕ್ಕೆ ಹೋಗುತ್ತಲೇ ಇತ್ತು. ಆದರೂ ಸೂಟ್‌ಕೇಸ್ ಎಳೆದುಕೊಂಡೇ ಹೋದೆವು. ಓಫನ್‌ಬಾಖ್ ಚೌಕದಲ್ಲಿ ತಗಡಿನ ಬೇಲಿ, ಅದರ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಯುವ ದೊಡ್ಡ ಗೋಡೆ. ವಿಲ್ಹೆಲ್ಮ್ ರಿಫಾನ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು, 1957ರಲ್ಲಿ ತೆರೆದದ್ದು. ಬೇಲಿಯ ಸಂದಿಯಿಂದ ಒಂದಿಷ್ಟು ಗಾಜು, ಒಂದಿಷ್ಟು ಸಿಮೆಂಟು ಕಾಣಿಸಿತು. ನನಗೆ ಅಷ್ಟೇ ಸಾಕಾಗಿತ್ತು. ನಾನು ಜಾಝ್ ಕೇಳಲು ಶುರು ಮಾಡಿದ್ದು ಆ ಗೋಡೆಯ ಹಿಂದೆ ಒಂದು ರಾತ್ರಿ ಹುಟ್ಟಿದ ಸಂಗೀತದಿಂದ.

1975ರ ಜನವರಿ 24, ಶುಕ್ರವಾರ. ವೆರಾ ಬ್ರಾಂಡೆಸ್ ಎಂಬ ಹುಡುಗಿ, ವಯಸ್ಸು 18, ಅಮೆರಿಕದ ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ ಕಛೇರಿ ಏರ್ಪಡಿಸಿದ್ದಳು. ಆ ಸಂಜೆ ಒಪೆರಾ ಪ್ರದರ್ಶನ ಇದ್ದದ್ದರಿಂದ ಅದು ಮುಗಿದ ಮೇಲೆ, ರಾತ್ರಿ 11.30ಕ್ಕೆ ಇವರ ಸರದಿ. ಟಿಕೆಟ್ 4 ಮಾರ್ಕ್, 1,400ಕ್ಕೂ ಹೆಚ್ಚು ಜನ. ಜ್ಯಾರೆಟ್ ಕೇಳಿದ್ದು ಬೋಸೆನ್‌ಡಾರ್ಫರ್ ಇಂಪೀರಿಯಲ್ ಎಂಬ ಭಾರೀ ಪಿಯಾನೋ. ವೇದಿಕೆಗೆ ತಂದಿಟ್ಟಿದ್ದು ಅದೇ ಕಂಪನಿಯ ಚಿಕ್ಕದು, ತಾಲೀಮಿಗೆ ಬಳಸುತ್ತಿದ್ದದ್ದು. ಶ್ರುತಿ ಇಲ್ಲ, ಮೇಲಿನ ಸ್ವರಗಳು ತಗಡು ಬಡಿದ ಹಾಗೆ, ಕೆಳಗಿನವಕ್ಕೆ ತೂಕವಿಲ್ಲ, ಪೆಡಲ್ ಕೂಡ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನಿಂದ ಚಿಕ್ಕ ಕಾರಿನಲ್ಲಿ ಬಂದಿದ್ದ ಜ್ಯಾರೆಟ್‌ಗೆ ನಿದ್ದೆ ಇರಲಿಲ್ಲ, ಬೆನ್ನು ನೋವಿಗೆ ಪಟ್ಟಿ ಕಟ್ಟಿಕೊಂಡಿದ್ದರು. ನುಡಿಸಲ್ಲ ಅಂದರು. ಹುಡುಗಿ ಬೇಡಿಕೊಂಡಳು. ಶ್ರುತಿ ಮಾಡುವವರು ಗಂಟೆಗಟ್ಟಲೆ ಕೂತು ಅದನ್ನು ಒಂದು ಹದಕ್ಕೆ ತಂದರು. ಕೊನೆಗೆ ಜ್ಯಾರೆಟ್ ಬಂದು ಕೂತರು.

ಮೊದಲ ಐದು ಸ್ವರ ಎಲ್ಲಿಂದ ಬಂತು ಗೊತ್ತೇ? ಒಪೆರಾ ಹೌಸಿನಲ್ಲಿ ವಿರಾಮ ಮುಗಿಯಿತು, ಒಳಗೆ ಬನ್ನಿ ಎಂದು ಬಾರಿಸುವ ಗಂಟೆಯ ಸ್ವರಗಳವು. ಸಭಿಕರು ನಗುವುದು ರೆಕಾರ್ಡಿನಲ್ಲೇ ಕೇಳಿಸುತ್ತದೆ, ಕಿವಿಗೊಟ್ಟು ಕೇಳಬೇಕು. ಆ ಗಂಟೆಯ ಸ್ವರವನ್ನೇ ಹಿಡಿದು, ಎಡಗೈಯಲ್ಲಿ ಒಂದೇ ನಡೆಯನ್ನು ಬಿಡದೆ ತಿರುಗಿಸುತ್ತಾ, ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ಹತ್ತಿರ ಹತ್ತಿರ 12 ನಿಮಿಷ ನಿಲ್ಲುತ್ತಾರೆ. ಮೊದಲ ಭಾಗವೇ 26 ನಿಮಿಷ. ಪಿಯಾನೋದ ಮೇಲ್ತುದಿ ಕೈಕೊಟ್ಟಿತ್ತು, ಹಾಗಾಗಿ ನಡುವಿನ ಸ್ವರಗಳಲ್ಲೇ ಮನೆ ಮಾಡಿದರು. ತಂಬೂರಿ ಮೀಟುತ್ತಾ ರಾಗಕ್ಕೆ ಸಮಯ ಕೊಟ್ಟು ಕಾಯುವವರ ಹಾಗೆ ಆ ಎಡಗೈ ಕಾಯುತ್ತದೆ. ಮೊದಲ ಸಲ ಕೇಳಿದಾಗಲೇ ನನಗೆ ಅದು ಪರಕೀಯ ಅನ್ನಿಸಲಿಲ್ಲ. ಕಾಲೇಜಿನಲ್ಲಿ ಗೆಳೆಯನೊಬ್ಬ ಕಾಪಿ ಮಾಡಿ ಕೊಟ್ಟ ಕ್ಯಾಸೆಟ್ಟು ಅದು, ಮೇಲೆ ಪೆನ್ಸಿಲ್‌ನಲ್ಲಿ ‘ಕೀತ್, ಪಿಯಾನೋ’ ಅಂತ ಮಾತ್ರ ಬರೆದಿತ್ತು. ‘ದಿ ಕೋಲ್ನ್ ಕಾನ್ಸರ್ಟ್’ ಎಂಬ ಹೆಸರು ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಕೋಲ್ನ್ ಅಂದರೆ ಜರ್ಮನ್ನರ ಬಾಯಲ್ಲಿ ಕೊಲೋನ್.

2018ರಲ್ಲಿ ಜ್ಯಾರೆಟ್‌ಗೆ ಎರಡು ಸಲ ಪಾರ್ಶ್ವವಾಯು ಹೊಡೆಯಿತು. 2020ರಲ್ಲಿ ಅವರೇ ಹೇಳಿಕೊಂಡರು. ಸ್ವಾಧೀನ ತಪ್ಪಿದ್ದು ಎಡಭಾಗ. ಆ ಸುದ್ದಿ ಓದಿದ ದಿನದಿಂದ ಮೊದಲ ಭಾಗ ಕೇಳುವಾಗ ನನ್ನ ಕಿವಿ ಬಲಗೈಯನ್ನು ಬಿಟ್ಟು ಎಡಗೈಯ ಹಿಂದೆಯೇ ಹೋಗುತ್ತದೆ. ಬೇಲಿಯ ಎದುರು ನಿಂತಾಗಲೂ ಅದೇ ನೆನಪಾಯಿತು. ತಮ್ಮ ಏನೂ ಮಾತಾಡದೆ ಸೂಟ್‌ಕೇಸ್ ಹಿಡಿದು ಪಕ್ಕದಲ್ಲಿ ನಿಂತಿದ್ದ.

ಮಾರನೆಯ ದಿನ ಮ್ಯೂಸಿಯಂ, ನದಿ ದಂಡೆ, ಮಳೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಸಂಜೆ ಫೆನ್ಲೋ ರಸ್ತೆಯ ಷ್ಟಾಟ್‌ಗಾರ್ಟನ್‌ಗೆ ಒಬ್ಬನೇ ಹೋದೆ. ಪಾರ್ಕಿನ ಮಗ್ಗುಲಲ್ಲೇ ಇರುವ ಜಾಝ್ ಮನೆ. ಊರಿನ ಸಂಗೀತಗಾರರೇ 1978ರಲ್ಲಿ ಒಂದು ಸಂಘ ಕಟ್ಟಿಕೊಂಡು, ನುಡಿಸಲು ನಮ್ಮದೇ ಜಾಗ ಬೇಕು ಎಂದು ಹಟ ಹಿಡಿದು, 1986ರಲ್ಲಿ ಇದನ್ನು ತೆರೆದರು. ಪ್ರಪಂಚದ ಯಾವ ಊರಿನಲ್ಲಾದರೂ ಕಲಾವಿದರೇ ಕಟ್ಟಿದ ಜಾಗಕ್ಕೆ ಹೋಗಿ ನೋಡಿ, ಕುರ್ಚಿ ಹೇಗಾದರೂ ಇರಲಿ, ಧ್ವನಿ ಚೆನ್ನಾಗಿರುತ್ತದೆ. ಆ ರಾತ್ರಿ ಮೂವರು ಹುಡುಗರು: ಸ್ಯಾಕ್ಸೊಫೋನ್, ಡಬಲ್ ಬಾಸ್, ಡ್ರಮ್ಸ್. ಮೂರನೆಯದೋ ನಾಲ್ಕನೆಯದೋ ಕೃತಿ ಏಳರ ಎಣಿಕೆಯಲ್ಲಿತ್ತು. ನಾನು ಚಿಕ್ಕವನಿದ್ದಾಗ ಮೂರು ವರ್ಷ ಮೃದಂಗ ಕಲಿತವನು. ಕೈ ತಾನಾಗೇ ತೊಡೆಯ ಮೇಲೆ ಮಿಶ್ರ ಛಾಪು ಹಾಕತೊಡಗಿತು. ತಕಿಟ ತಕದಿಮಿ, ತಕಿಟ ತಕದಿಮಿ. ಡ್ರಮ್ಸ್ ಹುಡುಗ ಎಲ್ಲೆಲ್ಲೋ ಸುತ್ತಿ ಬಂದರೂ ಸಮಕ್ಕೆ ಸರಿಯಾಗಿ ಬೀಳುತ್ತಿದ್ದ, ನನ್ನ ಎದೆಯಲ್ಲಿ ‘ಭಲೇ’ ಅನ್ನುವ ಮಾತು ಎದ್ದು ಗಂಟಲಲ್ಲೇ ನಿಲ್ಲುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ವೇದಿಕೆ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ವಿರಾಮದಲ್ಲಿ ಕೇಳಿದರು: “ಎಲ್ಲಿಯವರು?” ಬೆಂಗಳೂರು ಅಂದೆ. ಅವರ ಮುಖ ಅರಳಿತು. “ಚಾರ್ಲಿಯ ಜೊತೆ ನುಡಿಸುತ್ತಿದ್ದವರ ಊರು! ಆ ಹಾಡುವ ಹೆಂಗಸು ಕೈಯಲ್ಲಿ ಹೀಗೇ ಲೆಕ್ಕ ಹಾಕುತ್ತಿದ್ದರು,” ಎಂದು ತಮ್ಮ ತೊಡೆಯ ಮೇಲೆ ತಟ್ಟಿ ತೋರಿಸಿದರು. ತಾಳ ತಪ್ಪಿತ್ತು. ಆದರೆ ನನ್ನ ಕಣ್ಣು ತುಂಬಿ ಬಂತು.

ಅವರು ಹೇಳಿದ್ದು ಚಾರ್ಲಿ ಮರಿಯಾನೋ ಅವರ ವಿಷಯ. ಬಾಸ್ಟನ್ನಿನಲ್ಲಿ 1923ರಲ್ಲಿ ಇಟಲಿಯಿಂದ ಬಂದ ಮನೆತನದಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕರು. ಅಮೆರಿಕದ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ 1963ರ ಜನವರಿಯಲ್ಲಿ ರೆಕಾರ್ಡ್ ಮಾಡಿದ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಕೇಳಿ. ಅಷ್ಟು ದೊಡ್ಡ ಮೇಳದ ಗದ್ದಲದ ನಡುವಿನಿಂದ ಒಂದು ಆಲ್ಟೊ ಸ್ಯಾಕ್ಸ್ ಬಿಕ್ಕಿ ಬಿಕ್ಕಿ ಅಳುತ್ತಾ ಮೇಲೇಳುತ್ತದೆ, ಅದು ಇವರು. ಅದಾದ ಕೆಲವು ವರ್ಷಕ್ಕೆ ಮಲೇಷ್ಯಾದಲ್ಲಿ ರೇಡಿಯೋ ವಾದ್ಯವೃಂದಕ್ಕೆ ಪಾಠ ಹೇಳಲು ಹೋದಾಗ ನಾದಸ್ವರ ಕಿವಿಗೆ ಬಿತ್ತು. ಆಮೇಲೆ ದಕ್ಷಿಣ ಭಾರತಕ್ಕೇ ಬಂದು ಅದನ್ನು ಕಲಿತರು. ಹೆಸರು ಮಾಡಿದ ವಿದ್ವಾಂಸನೊಬ್ಬ ನಡುವಯಸ್ಸಿನಲ್ಲಿ ಸರಳೆ ವರಸೆಯಿಂದ ಶುರು ಮಾಡುವುದೆಂದರೆ ಸಣ್ಣ ಮಾತಲ್ಲ. ಆ ಒಂದು ಕಾರಣಕ್ಕೇ ಮರಿಯಾನೋ ನನಗೆ ಜ್ಯಾರೆಟ್‌ಗಿಂತ ಹತ್ತಿರದವರು.

1983ರ ಫೆಬ್ರವರಿಯಲ್ಲಿ ಸ್ಟಟ್‌ಗಾರ್ಟ್‌ನ ಸ್ಟುಡಿಯೋವೊಂದರಲ್ಲಿ ಅವರು ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರ ಜೊತೆ ಕೂತರು. ಟಿ. ಎ. ಎಸ್. ಮಣಿ ಬೆಂಗಳೂರಿನಲ್ಲಿ 1964ರಲ್ಲಿ ಕಟ್ಟಿದ ಶಾಲೆ ಅದು. ಮಣಿ ಅವರ ಮೃದಂಗ, ಆರ್. ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರ್ ಖಂಜಿರ, ಹಾಡುಗಾರಿಕೆ ಆರ್. ಎ. ರಮಾಮಣಿ. ಇಸಿಎಂ ಎಂಬ ರೆಕಾರ್ಡ್ ಕಂಪನಿ ‘ಜ್ಯೋತಿ’ ಎಂಬ ಹೆಸರಿನಲ್ಲಿ ಹೊರತಂದಿತು. ಜ್ಯಾರೆಟ್ ಅವರ ಕೊಲೋನ್ ರಾತ್ರಿಯನ್ನು ರೆಕಾರ್ಡ್ ಮಾಡಿ ಹೊರತಂದದ್ದೂ ಇದೇ ಮನೆ. ರೆಕಾರ್ಡು ಶುರುವಾಗುವುದು ಸ್ಯಾಕ್ಸೊಫೋನಿನಿಂದಲ್ಲ, ರಮಾಮಣಿ ಅವರ ಕಂಠದಿಂದ. ಮರಿಯಾನೋ ಆಮೇಲೆ ಬರುತ್ತಾರೆ, ಸಭೆ ತುಂಬಿದ ಮೇಲೆ ಹಿಂದಿನ ಬಾಗಿಲಿಂದ ಬಂದು ಕೂರುವವರ ಹಾಗೆ. ಪೂರ್ವ ಪಶ್ಚಿಮ ಕೂಡಿಸುತ್ತೇವೆ ಎಂದು ಬಂದ ಎಷ್ಟೋ ರೆಕಾರ್ಡುಗಳಲ್ಲಿ ನಮ್ಮವರು ಒಗ್ಗರಣೆಗೆ ಮಾತ್ರ ಇರುತ್ತಾರೆ. ‘ಜ್ಯೋತಿ’ಯಲ್ಲಿ ಹಾಗಿಲ್ಲ. ಇಲ್ಲಿ ಅತಿಥಿ ಆತ.

ಮರಿಯಾನೋ ಕೊಲೋನಿನಲ್ಲೇ ನೆಲೆಸಿದ್ದರು, 2009ರಲ್ಲಿ ಇಲ್ಲೇ ತೀರಿಕೊಂಡರು. ಮಣಿ ಅವರು 2020ರಲ್ಲಿ ಹೋದರು. ಹಿರಿಯರಿಗೆ ಈ ಎರಡನೆಯದು ಗೊತ್ತಿರಲಿಲ್ಲ. ಹೇಳಿದಾಗ ತಲೆ ತಗ್ಗಿಸಿ ಸುಮ್ಮನೆ ಕೂತರು. ಎರಡನೇ ಭಾಗ ಶುರುವಾಗುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಭಾನುವಾರ ಫುಟ್‌ಬಾಲ್. ನನ್ನ ಅಪ್ಪ ಐಟಿಐ ಕಾರ್ಖಾನೆಯಲ್ಲಿದ್ದವರು, ರಜೆ ಬಂತೆಂದರೆ ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಟಿನ್ ಟೌನ್ ಮೈದಾನಕ್ಕೆ ಹೊರಡುತ್ತಿದ್ದರು. ಆಟಕ್ಕಿಂತ ಆಟ ನೋಡುವ ಜನರ ಕೂಗು ಕೇಳುವುದು ನನಗೆ ಇಷ್ಟ. ಮ್ಯಾಚಿನ ಟಿಕೆಟ್ ಇದ್ದರೆ ಟ್ರಾಮ್‌ಗೆ ಬೇರೆ ದುಡ್ಡು ಕೊಡಬೇಕಿಲ್ಲ. ನೊಯ್‌ಮಾರ್ಕ್ಟ್‌ನಿಂದ ಒಂದನೇ ನಂಬರ್ ಟ್ರಾಮ್ ಹಿಡಿದೆವು. ಒಳಗೆ ಕಾಲಿಡಲು ಜಾಗವಿಲ್ಲ, ಎಲ್ಲ ಕೆಂಪು ಬಿಳಿ, ಅಜ್ಜಂದಿರು, ಕೂಸುಗಳು, ಎಲ್ಲರ ಕುತ್ತಿಗೆಯಲ್ಲೂ ಉಣ್ಣೆಯ ಪಟ್ಟಿ. ಮುಂಗರ್ಸ್‌ಡಾರ್ಫ್‌ನ ಸ್ಟೇಡಿಯಂ ಎಲ್ಲಿದೆ ಎಂದು ಕೇಳಬೇಕಾಗಿಲ್ಲ, ನಾಲ್ಕು ಮೂಲೆಯ ಎತ್ತರದ ಬೆಳಕಿನ ಕಂಬಗಳು ದೂರದಿಂದಲೇ ಕರೆಯುತ್ತವೆ.

ಈ ಊರಿನ ಕ್ಲಬ್ಬು ‘1. ಎಫ್‌ಸಿ ಕೋಲ್ನ್’ ಹುಟ್ಟಿದ್ದು 1948ರಲ್ಲಿ, ಎರಡು ಹಳೇ ಕ್ಲಬ್‌ಗಳು ಸೇರಿ. ಜರ್ಮನಿಯ ಮೊದಲ ದರ್ಜೆಯ ಲೀಗ್ ಬುಂಡೆಸ್‌ಲೀಗ ಶುರುವಾದ ಮೊದಲ ವರ್ಷವೇ, 1963–64ರಲ್ಲಿ, ಚಾಂಪಿಯನ್. ಕ್ಲಬ್ಬಿನ ಲಾಂಛನದಲ್ಲಿ ಹೋತವಿದೆ, ನಿಜವಾದ ಹೋತವೂ ಇದೆ. 1950ರಲ್ಲಿ ಸರ್ಕಸ್ ನಡೆಸುತ್ತಿದ್ದ ಕರೋಲಾ ವಿಲಿಯಮ್ಸ್ ಎಂಬಾಕೆ ಒಂದು ಹೋತವನ್ನು ಉಡುಗೊರೆ ಕೊಟ್ಟರು. ಆಟಗಾರ ಮತ್ತು ತರಬೇತುದಾರ ಹೆನ್ನೆಸ್ ವೈಸ್‌ವೈಲರ್ ಅವರ ಹೆಸರನ್ನೇ ಅದಕ್ಕಿಟ್ಟರು. ಈಗಿನದು ಒಂಬತ್ತನೇ ಹೆನ್ನೆಸ್, ವಾಸ ಊರಿನ ಮೃಗಾಲಯದಲ್ಲಿ. ನಮ್ಮೂರ ಜಾತ್ರೆಯಲ್ಲಿ ದೇವರ ಬಸವನನ್ನು ಕರೆತರುವ ಹಾಗೆ ಮೈದಾನದ ಅಂಚಿಗೆ ಕರೆತಂದರು. ಹತ್ತಿರ ಕೂತಿದ್ದ ಮಗುವೊಂದು ಎದ್ದು ನಿಂತು ಕೈ ಬೀಸಿತು.

ಆಟ ಶುರುವಾಗುವ ಮುಂಚೆ ಐವತ್ತು ಸಾವಿರ ಜನ ಪಟ್ಟಿಯನ್ನು ಎರಡು ಕೈಯಲ್ಲಿ ತಲೆಯ ಮೇಲೆ ಹಿಡಿದು ಹಾಡಿದರು. ‘ನಾವು ನಿನ್ನ ಜೊತೆ ನಿಂತಿದ್ದೇವೆ’ ಎಂದು ಕೊಲೋನಿನ ಆಡುಮಾತಿನಲ್ಲಿ ಹೇಳುವ ಹಾಡು. ಕಟ್ಟಿದ್ದು ಹ್ಯೋನರ್ ಎಂಬ ಸ್ಥಳೀಯ ತಂಡ, 1998ರಲ್ಲಿ. ಕ್ಲಬ್ಬು ಮೊದಲ ಸಲ ಎರಡನೇ ದರ್ಜೆಗೆ ಬಿದ್ದ ವರ್ಷವೂ ಅದೇ. ಮಟ್ಟು ಮಾತ್ರ ಇಲ್ಲಿಯದಲ್ಲ, ಸ್ಕಾಟ್‌ಲೆಂಡಿನ ‘ಲಾಕ್ ಲೊಮಂಡ್’ ಎಂಬ ಜನಪದ ಹಾಡಿನದು. ನನ್ನ ಕಿವಿಗೆ ಅದರಲ್ಲಿ ಮೋಹನ ರಾಗದ ನೆರಳು ಸುಳಿಯಿತು. ದಕ್ಷಿಣದ ಸ್ಟ್ಯಾಂಡಿನಲ್ಲಿ ನಿಂತವರು ಒಂದು ಸಾಲು ಮುಗಿಸುವಾಗ ನಮ್ಮ ಕಡೆಯವರು ಅದೇ ಸಾಲಿನ ಕೊನೆಯ ಪದದಲ್ಲಿರುತ್ತಿದ್ದರು. ಸ್ವರ ಮೈದಾನ ದಾಟಿ ಬರುವಷ್ಟರಲ್ಲಿ ಆಗುವ ತಡ ಅದು. ಹಾಡಿಗೆ ಅದರದೇ ಬಾಲ ಹುಟ್ಟಿಕೊಳ್ಳುತ್ತಿತ್ತು. ಜರ್ಮನ್ ಬಾರದ ನಾನು ಎರಡನೇ ಸಲಕ್ಕೆ ‘ಆ’ಕಾರದಲ್ಲಿ ಸೇರಿಕೊಂಡೆ. ತಮ್ಮ ಏಳು ವರ್ಷದಿಂದ ಇಲ್ಲಿರುವವನು, ಎಲ್ಲ ಸಾಲೂ ಬಾಯಿಗೆ ಬರುತ್ತಿತ್ತು. ನರ ಉಬ್ಬಿಸಿ ಹಾಡುತ್ತಿದ್ದ. ಅವನು ಹಾಡುವುದನ್ನು ನಾನು ಕೇಳಿದ್ದು ಅದೇ ಮೊದಲು.

ಪಂದ್ಯ ಡ್ರಾ ಆಯಿತು. ಸಾಧಾರಣ ಆಟ.

ಹೊರಡುವ ದಿನ ಬೆಳಿಗ್ಗೆ ಬೆಲ್ಜಿಯನ್ ಕ್ವಾರ್ಟರ್ ಬೀದಿಗಳಲ್ಲಿ ಹಳೇ ರೆಕಾರ್ಡ್ ಮಾರುವ ಅಂಗಡಿಯೊಂದಕ್ಕೆ ಹೊಕ್ಕೆ. ‘ಎಂ’ ಅಕ್ಷರದ ಡಬ್ಬಿಯಲ್ಲಿ ಬೆರಳಾಡಿಸುತ್ತಾ ಹೋದರೆ ಮರಿಯಾನೋ ಮತ್ತು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಅವರ ‘ಲೈವ್’ ಸಿ.ಡಿ. ಸಿಕ್ಕಿತು. 1990ರದು, ಪೆಟ್ಟಿಗೆಯ ಒಂದು ಮೂಲೆ ಬಿರುಕು ಬಿಟ್ಟಿತ್ತು. ತಿರುಗಿಸಿ ನೋಡಿದೆ. ಹೊರತಂದ ಕಂಪನಿ: ವೆರಾಬ್ರಾ.

ವೆರಾ ಬ್ರಾಂಡೆಸ್. ಕೆಟ್ಟ ಪಿಯಾನೋ ಮುಂದೆ ಜ್ಯಾರೆಟ್ ಅವರನ್ನು ಬೇಡಿಕೊಂಡು ಕೂರಿಸಿದ ಅದೇ ಹುಡುಗಿ ದೊಡ್ಡವಳಾಗಿ ಕಟ್ಟಿದ ಕಂಪನಿ. ಬೆಂಗಳೂರಿನ ಮೃದಂಗ, ಘಟಗಳ ಈ ಕಛೇರಿಯನ್ನು ಪ್ರಕಟಿಸಿದವರೂ ಅವರೇ. ಇಷ್ಟು ವರ್ಷ ಜ್ಯಾರೆಟ್, ಮರಿಯಾನೋ ಇಬ್ಬರನ್ನೂ ಪ್ರೀತಿಸಿದ ನನಗೆ ಆ ರಾತ್ರಿಯ ಕಛೇರಿ, ಈ ಸಿ.ಡಿ. ಎರಡರ ಹಿಂದೆಯೂ ಒಬ್ಬಳೇ ಹೆಣ್ಣುಮಗಳಿದ್ದಾಳೆಂದು ಹೊಳೆದೇ ಇರಲಿಲ್ಲ. ಅಂಗಡಿಯವರು ಆರು ಯೂರೋ ಅಂದರು. ಕೈ ನಡುಗುತ್ತಿದ್ದದ್ದರಿಂದ ಚಿಲ್ಲರೆ ಎಣಿಸಲಾಗದೆ ನೋಟು ಕೊಟ್ಟೆ.

ತಮ್ಮನ ಕಾರು ಹಳೆಯದು, ಸಿ.ಡಿ. ಹಾಕುವ ಸಂದಿ ಇನ್ನೂ ಇತ್ತು. ಫ್ರಾಂಕ್‌ಫರ್ಟ್ ಹೆದ್ದಾರಿಗೆ ಬಿದ್ದ ಮೇಲೆ ಹಾಕಿದೆ. ರಮಾಮಣಿ ಅವರ ದನಿ, ಹಿಂದೆಯೇ ಮೃದಂಗ. ತಮ್ಮ ಸ್ವಲ್ಪ ಹೊತ್ತು ಕೇಳಿ, “ಅಣ್ಣಾ, ಇವರು ನಮ್ಮ ಕಡೆಯವರಾ?” ಅಂದ.

“ಹೂಂ ಕಣೋ, ಬೆಂಗಳೂರಿನವರು.”

“ಮತ್ತೆ ಈ ಪೀಪಿ ಊದೋರು?”

“ಅವರು ನಿಮ್ಮ ಕೊಲೋನಿನವರು.”

ವಾಲ್ಯೂಮ್ ಜಾಸ್ತಿ ಮಾಡಿದ. ಮಳೆ ಬರುತ್ತಿತ್ತು. ಏರ್‌ಪೋರ್ಟ್ ಬರುವಷ್ಟರಲ್ಲಿ ಎರಡನೇ ಸಲ ಹಾಕಿದ್ದೆವು.