ಒಂಟಿ ಕಾಲುಚೀಲದ ಕೆಲಸ

ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೇಲೆ ನನಗೆ ಸಿಕ್ಕ ಒಂದು ವಿಚಿತ್ರ ಕೆಲಸ ಅಂದ್ರೆ ಸ್ಯಾಂಪಲ್ ಹೆಣೆಯುವುದು. ಇಲ್ಲಿ ಮನೆಯಲ್ಲೇ ಉಣ್ಣೆಯ ನೂಲಿಗೆ ಬಣ್ಣ ಹಾಕಿ ಮಾರುವ ಹೆಂಗಸರು ಬಹಳ ಜನ ಇದ್ದಾರೆ. ಲಡಿಯಲ್ಲಿ ನೋಡುವಾಗ ಬಣ್ಣ ಒಂದು ಥರ ಇರುತ್ತದೆ, ಹೆಣೆದ ಮೇಲೆ ಬೇರೆಯೇ ಆಗುತ್ತದೆ. ಅದಕ್ಕೇ ಕೊಳ್ಳುವವರಿಗೆ ತೋರಿಸಲು ಒಂದು ಕಾಲುಚೀಲ ಬೇಕು. ಒಂದೇ ಸಾಕು, ಜೊತೆ ಬೇಡ. ಫೋನಿನಲ್ಲಿ ಇದನ್ನು ಹೇಳಿದಾಗ ಅಮ್ಮ ಕೇಳಿದ್ದು, "ಇನ್ನೊಂದು ಕಾಲಿಗೆ ಏನೇ ಮಾಡ್ತಾರೆ?"

ಕೂಲಿ ದುಡ್ಡಿನಲ್ಲಲ್ಲ, ನೂಲಿನಲ್ಲಿ. ಅದರ ಬಗ್ಗೆ ನನಗೆ ತಕರಾರಿದೆ, ಇನ್ನೊಮ್ಮೆ ಬರೆಯುತ್ತೇನೆ.

ಒಂದು ಸಲ ಹಾಗೆ ಬಣ್ಣ ಹಾಕುವ ಒಬ್ಬರಿಂದ ಬಂದದ್ದು 100 ಗ್ರಾಂನ ಒಂದು ಲಡಿ. 75 ಭಾಗ ಮೆರಿನೋ ಕುರಿಯ ಉಣ್ಣೆ, 25 ಭಾಗ ನೈಲಾನ್, ಸುಮಾರು 420 ಮೀಟರ್ ಉದ್ದ. ಬದನೆಕಾಯಿ ನೇರಳೆ, ಸಾಸಿವೆ ಹಳದಿ, ನಡುವೆ ಒಂದು ತುಂಡು ಹಾಗೇ ಬಿಟ್ಟ ಬಿಳಿ. ನೋಡಿದ ಕೂಡಲೇ ಕೈ ತುರಿಸಿತು. 2.25 ಮಿಲಿಮೀಟರ್ ಕಡ್ಡಿ ತೆಗೆದು 64 ಸ್ಟಿಚ್ (ಹೆಣಿಗೆಯ ಕುಣಿಕೆ) ಹಾಕಿ, ಮೇಲಿನ ಪಟ್ಟಿ ಮುಗಿಸಿ ಕೆಳಗಿಳಿದೆ.

ಮೂರು ಇಂಚು ಆಗುವಷ್ಟರಲ್ಲಿ ನೇರಳೆ ಎಲ್ಲ ಒಂದು ಕಡೆ ಗುಡ್ಡೆಯಾಗತೊಡಗಿತು. ಹಳದಿ ಅದರ ಬೆನ್ನಿಗೆ ಓರೆಯಾಗಿ ಸುತ್ತಿಕೊಂಡು ಹೋಗುತ್ತಿತ್ತು. ಇದಕ್ಕೆ ಇಲ್ಲಿ ಪೂಲಿಂಗ್ ಅನ್ನುತ್ತಾರೆ. ಲೆಕ್ಕ ಸುಲಭ. ಬಣ್ಣ ಹಾಕುವಾಗ ಈ ಲಡಿಯ ಸುತ್ತಳತೆ ಒಂದೂವರೆ ಮೀಟರ್ ಹತ್ತಿರ ಇತ್ತು. ಅಂದ್ರೆ ಅಷ್ಟು ಉದ್ದಕ್ಕೊಮ್ಮೆ ಅದೇ ಬಣ್ಣ ತಿರುಗಿ ಬರುತ್ತದೆ. ನನ್ನ 64 ಸ್ಟಿಚ್‌ನ ಒಂದು ಸುತ್ತಿಗೆ ಸುಮಾರು 70 ಸೆಂಟಿಮೀಟರ್ ನೂಲು ಹೋಗುತ್ತಿತ್ತು. ಎರಡು ಸುತ್ತು ಮುಗಿಯುವಾಗ ನೇರಳೆ ಹೆಚ್ಚುಕಮ್ಮಿ ಹೋದ ಸಲದ ನೇರಳೆಯ ಮೇಲೆಯೇ ಬಂದು ಕೂರುತ್ತಿತ್ತು.

ನನಗೆ ಅದು ಕೊಳಕಾಗಿ ಕಂಡಿತು. ಎಲ್ಲ ಬಿಚ್ಚಿದೆ. ನೂಲಿನ ಉಂಡೆಯ ಒಳಗಿನ ತುದಿ, ಹೊರಗಿನ ತುದಿ ಎರಡನ್ನೂ ಹಿಡಿದು, ಒಂದು ಸುತ್ತು ಇದರಿಂದ, ಒಂದು ಸುತ್ತು ಅದರಿಂದ ಹೆಣೆದೆ. ಗುಡ್ಡೆ ಒಡೆಯಿತು. ಮೂರೂ ಬಣ್ಣ ಒಗ್ಗರಣೆ ಸಿಡಿದ ಹಾಗೆ ಎಲ್ಲ ಕಡೆ ಚದುರಿತು. ಒದ್ದೆ ಮಾಡಿ, ಕಾಲಿನ ಆಕಾರದ ಹಲಗೆಗೆ ಏರಿಸಿ, ಒಣಗಿಸಿ ಒಯ್ದು ಕೊಟ್ಟೆ. ಹೊಗಳುತ್ತಾರೆ ಅಂತ ಕಾದು ಕೂತಿದ್ದೆ, ಸುಳ್ಳು ಯಾಕೆ ಹೇಳಲಿ.

ನೂಲು ಕೊಟ್ಟಾಕೆ ಏನೂ ಹೇಳದೆ ಕಾಲುಚೀಲವನ್ನು ಒಳಮೈ ಹೊರಗೆ ಮಾಡಿದರು. ಸುತ್ತು ಶುರುವಾಗುವ ಜಾಗದಲ್ಲಿ, ದಾರ ದಾಟಿದ ಗುರುತು ಸಣ್ಣ ಏಣಿಯ ಹಾಗೆ ಮೇಲಿಂದ ಕೆಳಗೆ ಇಳಿದಿತ್ತು. ಅದರ ಮೇಲೆ ಉಗುರು ಓಡಿಸಿ ಕೇಳಿದರು: "ಎರಡು ತುದಿಯಿಂದ ಹೆಣೆದಿದ್ದೀರಿ ಅಲ್ವಾ? ನನ್ನ ಹತ್ತಿರ ಕೊಳ್ಳುವವರಲ್ಲಿ ಎಷ್ಟು ಜನ ಹೀಗೆ ಹೆಣೀತಾರೆ?"

ನನಗೆ ಉತ್ತರ ಹೊಳೆಯಲಿಲ್ಲ.

"ಇದನ್ನು ನೋಡಿ ತಗೊಂಡು ಹೋಗ್ತಾರೆ. ಮನೆಯಲ್ಲಿ ಹೆಣೆದಾಗ ಬೇರೆ ಥರ ಬರುತ್ತೆ. ಆಗ ಬೈಯೋದು ನನ್ನ ನೂಲಿಗೆ."

ಬೇಜಾರಾಯಿತು. ಹತ್ತು ಗಂಟೆಯ ಕೆಲಸ ನೀರಿಗೆ ಹೋಯಿತಲ್ಲ ಅಂತ. ಬಸ್ಸಿನಲ್ಲಿ ವಾಪಸ್ ಬರುವಾಗ ಅನ್ನಿಸಿತು, ಆ ಗುಡ್ಡೆಯಾದ ನೇರಳೆಯನ್ನು ಕೊಳಕು ಅಂತ ತೀರ್ಮಾನಿಸಲು ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ತೋರಿಸಿದ್ದು ನನ್ನ ಕೈಚಳಕ, ಅವರ ನೂಲನ್ನಲ್ಲ.

ಉಳಿದ ನೂಲಿನಲ್ಲಿ ಇನ್ನೊಂದು ಹೆಣೆದೆ. ಸುಮ್ನೆ 64 ಸ್ಟಿಚ್, ಒಂದೇ ತುದಿ, ಮಾಮೂಲಿ ಹಿಮ್ಮಡಿ. ಒಂದು ಚೀಟಿಯಲ್ಲಿ ಕಡ್ಡಿಯ ಅಳತೆ, ಸ್ಟಿಚ್ ಲೆಕ್ಕ, ಖರ್ಚಾದ ನೂಲಿನ ತೂಕ ಬರೆದು ಜೊತೆಗಿಟ್ಟೆ. ಈಗ ಪ್ರತಿ ಸ್ಯಾಂಪಲ್ ಜೊತೆಗೂ ಆ ಚೀಟಿ ಹೋಗುತ್ತದೆ.

ಸೆಪ್ಟೆಂಬರ್‌ನಲ್ಲಿ ಸ್ಕಿಪ್ಟನ್ ಊರಿನ ಯಾರ್ನ್‌ಡೇಲ್ ಅನ್ನುವ ನೂಲಿನ ಜಾತ್ರೆಗೆ ಹೋಗಿದ್ದೆ. ದನ, ಕುರಿ ಹರಾಜು ಹಾಕುವ ಜಾಗ ಅದು. ಕುರಿ ನಿಲ್ಲಿಸುವ ಕಂಬಿಗಳ ನಡುವೆಯೇ ನೂಲಿನ ಅಂಗಡಿಗಳು. ನೂಲು ಕೊಟ್ಟಾಕೆಯ ಅಂಗಡಿಯಲ್ಲಿ ಒಬ್ಬ ಅಜ್ಜಿ ನಾನು ಹೆಣೆದ ಕಾಲುಚೀಲದ ನೇರಳೆ ಸುರುಳಿಯ ಮೇಲೆ ಬೆರಳಿಟ್ಟು, "ನನಗೂ ಹೀಗೇ ಬರುತ್ತಾ?" ಅಂತ ಕೇಳಿದರು. ಚೀಟಿ ಓದಿದರು. ಎರಡು ಲಡಿ ಕೊಂಡರು.

ಆ ಬಣ್ಣ ಖಾಲಿಯಾದ ಮೇಲೆ ಸ್ಯಾಂಪಲ್ ನನಗೇ ವಾಪಸ್ ಬಂತು. ಈಗ ಒಂದು ಕಾಲಿಗೆ ಒಗ್ಗರಣೆ, ಇನ್ನೊಂದಕ್ಕೆ ಸುರುಳಿ. ವಿಡಿಯೋ ಕಾಲ್‌ನಲ್ಲಿ ಎರಡೂ ಪಾದ ಎತ್ತಿ ತೋರಿಸಿದೆ. "ಎರಡನೇದೇ ಚೆನ್ನಾಗಿದೆ" ಅಂದರು ಅಮ್ಮ.