ಅಮ್ಮನ ಹೆಬ್ಬೆರಳು

ಅಮ್ಮನ ಡ್ರೈವಿಂಗ್ ಲೈಸೆನ್ಸ್ ಕೆಲಸಕ್ಕೆ ನಿನ್ನೆ ಚಿಕ್ಕಮಗಳೂರಿಗೆ ಹೋಗಿದ್ದೆವು. ಐವತ್ತು ದಾಟಿದ ಮೇಲೆ ಸ್ಕೂಟರ್ ಕಲಿತಿದ್ದಾರೆ, ಖುಷಿ ನನಗೇ ಜಾಸ್ತಿ. ಫೋಟೋ ಆಯ್ತು, ಸಹಿ ಆಯ್ತು. ಹೆಬ್ಬೆರಳು ಇಟ್ಟರೆ ಮಷಿನ್ ಓದಲೇ ಇಲ್ಲ. ಸೆರಗಲ್ಲಿ ಒರೆಸಿ ಇಟ್ಟರು, ಒತ್ತಿ ಇಟ್ಟರು, ಕೊನೆಗೆ ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆ ಕೊಟ್ಟು, ಒಂದಿಷ್ಟೂ ಬೇಸರಿಸದೆ, ಐದನೇ ಸಲಕ್ಕೆ ತೆಗೆದುಕೊಂಡಳು. ಆ ಬೆರಳನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ಮೂವತ್ತು ವರ್ಷ ಕಾಫಿ ಹಣ್ಣು ಬಿಡಿಸಿ, ಮೆಣಸು ಕೊಯ್ದು, ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ. ಉಗುರಿನ ಪಕ್ಕ ಕಪ್ಪು ಕೂತ ಸಣ್ಣ ಬಿರುಕು.

ಆಧಾರ್‌ಗೆ ಹತ್ತೂ ಬೆರಳು ಕೊಟ್ಟಾಗಿದೆ. ಈಗ ಇದಕ್ಕೂ. ಪಾಸ್‌ವರ್ಡ್ ಕದ್ದು ಹೋದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಆಗುವುದಿಲ್ಲ ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ಹಾಗಾಗಿ ಈ ಗುರುತು ಎಲ್ಲಿರುತ್ತದೆ, ಯಾರು ನೋಡುತ್ತಾರೆ ಅಂತ ಕೇಳುವ ಹಕ್ಕು ಕಾಫಿ ಬಿಡಿಸುವವರಿಗೂ ಇದೆ.

ಬಸ್ಸಿನಲ್ಲಿ ಅಮ್ಮ ಸುಮ್ನೆ ಹೆಬ್ಬೆರಳು ತಿಕ್ಕುತ್ತಾ ಕೂತಿದ್ದರು. ರಾತ್ರಿ ನಾನೇ ಕೊಬ್ಬರಿ ಎಣ್ಣೆ ಹಚ್ಚಿದೆ.