ನಾನಿನ್ನೂ ಸೌಂಡ್ ಹಾಕೇ ಇಲ್ಲ ಮೇಡಂ

ಗಾಜಿನ ಆಚೆ ಕೂತಿದ್ದ ಹುಡುಗಿಯ ದನಿ ಹೆಡ್‌ಫೋನಿನಲ್ಲಿ ಮೆತ್ತಗೆ ಬಂತು: "ನಾನಿನ್ನೂ ಸೌಂಡ್ ಹಾಕೇ ಇಲ್ಲ ಮೇಡಂ."

ಅಷ್ಟೊತ್ತಿಗೆ ನಾನು ನಾಲ್ಕು ಸಲ ಬಟನ್ ಒತ್ತಿಯಾಗಿತ್ತು.

ಇದು ಮಂಗಳವಾರ ಕಿವಿ ಪರೀಕ್ಷೆಗೆ ಹೋದಾಗಿನ ಮಾತು. ಇವತ್ತು ಶನಿವಾರ. ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಅದೇ ಮಾತು ಮತ್ತೆ ಮತ್ತೆ ನೆನಪಾಗುತ್ತಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದವಳ ಹಾಗೆ ನಾಚಿಕೆಯಾಗಿತ್ತು. ಬೀಪ್ ಕೇಳಿದರೆ ಬಟನ್ ಒತ್ತಬೇಕು, ಅಷ್ಟೇ ಕೆಲಸ. ನನಗೆ ಕೇಳಿಸಿದ್ದಂತೂ ನಿಜ. ಆದರೆ ಅದು ಅವಳ ಮಷಿನ್‌ದಲ್ಲ, ನನ್ನ ಸ್ವಂತದ್ದು.

ಎಂಟು ತಿಂಗಳಿಂದ ಎರಡೂ ಕಿವಿಯಲ್ಲಿ ಕುಂಯ್ ಅನ್ನುತ್ತಿದೆ. ಹಳೇ ಡಬ್ಬಾ ಟಿವಿಯ ಸೌಂಡ್ ಪೂರ್ತಿ ಇಳಿಸಿದರೂ ಒಂದು ಸಣ್ಣ ಎಳೆ ಉಳಿಯುತ್ತಿತ್ತಲ್ವಾ, ಅಂಥದ್ದು. ನಮ್ಮ ಯಜಮಾನರು ಒಂದು ರಾತ್ರಿ ತಮ್ಮ ಕಿವಿಯನ್ನು ನನ್ನ ಕಿವಿಗೆ ಒತ್ತಿಟ್ಟು ಕೇಳಿ, "ಏನೂ ಇಲ್ಲ ಕಣೇ" ಅಂದಿದ್ದರು. ಮೊದಲು ನೋಡಿದ ಡಾಕ್ಟರು ಕಿವಿಯೊಳಗೆ ಲೈಟ್ ಬಿಟ್ಟು, ಗುಗ್ಗೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಇದಕ್ಕೆ ಮಾತ್ರೆ ಇಲ್ಲ, ಅಭ್ಯಾಸ ಮಾಡ್ಕೊಳ್ಳಿ" ಅಂದರು. ಮುಖ ಎತ್ತಲಿಲ್ಲ. ಅವರು ಹೇಳಿದ್ದು ಸರಿಯೇ. ಸರಿಯಾಗಿತ್ತು ಅನ್ನೋದಕ್ಕೇ ನನಗಿನ್ನೂ ಸಿಟ್ಟು. ಅಭ್ಯಾಸ ಮಾಡಿಕೊಳ್ಳೋದು ಹೇಗೆ ಅಂತ ಹೇಳಲು ಎರಡು ನಿಮಿಷ ಸಾಕಿತ್ತು.

ಈ ಹುಡುಗಿ ಆ ಎರಡು ನಿಮಿಷ ಕೊಟ್ಟಳು. ಸೌಂಡನ್ನೇ ಬದಲಾಯಿಸಿದಳು. "ಟುಕ್ ಟುಕ್ ಟುಕ್ ಅಂತ ಬಿಟ್ಟುಬಿಟ್ಟು ಬರುತ್ತೆ, ಅದಕ್ಕೆ ಮಾತ್ರ ಒತ್ತಿ." ನನ್ನ ಕುಂಯ್ ಎಲ್ಲೂ ನಿಲ್ಲುವುದಿಲ್ಲ, ಹಾಗಾಗಿ ಎರಡನ್ನೂ ಬೇರೆ ಮಾಡುವುದು ಸುಲಭವಾಯಿತು. ಆಮೇಲೆ ಯಾವ ಸ್ವರ ಎಷ್ಟು ಕೇಳಿಸುತ್ತೆ ಅನ್ನುವ ಗ್ರಾಫ್ ತೋರಿಸಿದಳು. ನೆಟ್ಟಗೆ ಬಂದ ಗೆರೆ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದು ಮತ್ತೆ ಮೇಲೆ ಹತ್ತಿತ್ತು. "ಜೋರು ಶಬ್ದ ಇರೋ ಕಡೆ ಕೆಲಸ ಮಾಡ್ತಿದ್ರಾ?" ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ, ಮಷಿನ್ ಪಕ್ಕದಲ್ಲೇ ನನ್ನ ಮೇಜಿತ್ತು.

ಒಳಗಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಒಂದು ಸುರುಳಿ ಇದೆ. ಅದರಲ್ಲಿ ಶಬ್ದ ಹಿಡಿಯುವ ಸುಮಾರು 15,000 ಕೂದಲು ಕೋಶಗಳು. ಹೋದವು ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತಾನೇ ವಾಲ್ಯೂಮ್ ಏರಿಸಿಕೊಂಡು ಕಾಯುತ್ತದಂತೆ. ನಮಗೆ ಕೇಳುವ ಮೊರೆತ ಆ ಏರಿಸಿದ ವಾಲ್ಯೂಮಿನದ್ದಂತೆ. ಮನೆಗೆ ಬಂದು ಓದಿದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವವರು ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಐದೈದು ನಿಮಿಷ ಕೂರಿಸಿದ್ದರು. ಶೇಕಡ 94 ಜನಕ್ಕೆ ಏನೋ ಒಂದು ಶಬ್ದ ಕೇಳಿಸಿತು. ಅವರಿಗೂ ಯಾರೂ ಸೌಂಡ್ ಹಾಕಿರಲಿಲ್ಲ! ಓದಿ ಒಬ್ಬಳೇ ನಕ್ಕೆ.

ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಧಪ್ ಧಪ್ ಅಂದರೆ, ಕಿವಿ ತಟ್ಟನೆ ಮಂದವಾದರೆ ತಡ ಮಾಡದೆ ತೋರಿಸಬೇಕು ಅಂದಳು. ನನ್ನದು ಅದ್ಯಾವುದೂ ಅಲ್ಲ. ರಾತ್ರಿ ಫ್ಯಾನೋ ಮಳೆ ಸದ್ದೋ ಇರಲಿ, ಆದರೆ ಮೊರೆತವನ್ನು ಮುಳುಗಿಸುವಷ್ಟು ಜೋರು ಬೇಡ, ಸ್ವಲ್ಪ ಕೆಳಗೇ ಇಡಿ. ಕೇಳಿಸುವುದು ಇನ್ನೂ ಕಡಿಮೆಯಾದರೆ ಹಿಯರಿಂಗ್ ಏಡ್ ನೋಡೋಣ. ಮನಸ್ಸಿಗೆ ತುಂಬಾ ಹಿಂಸೆಯಾದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. ಕೊನೆಗೆ, "ಅದು ಇದೆಯಾ ಅಂತ ಹುಡುಕೋಕೆ ಹೋಗ್ಬೇಡಿ ಮೇಡಂ. ಕಾದು ಕೂತರೆ ಜಾಸ್ತಿ ಕೇಳುತ್ತೆ."

ಹೇಗೆ ಗೊತ್ತಾಯ್ತೋ! ನಾನು ದಿನಾ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹುಡುಕುತ್ತಿದ್ದೆ. ಆ ಬೂತಿನಲ್ಲಿ ಬಟನ್ ಹಿಡಿದು ಕಾದು ಕೂತ ಹಾಗೆ, ಎಂಟು ತಿಂಗಳಿಂದ ಮನೆಯಲ್ಲೂ ಹಿಡಿದೇ ಕೂತಿದ್ದೆ.

ನಿನ್ನೆ ಸಂಜೆ ಬಟ್ಟೆ ಮಡಚುತ್ತಾ ಅರ್ಧ ಗಂಟೆ ಅದನ್ನು ಪೂರ್ತಿ ಮರೆತಿದ್ದೆ. ಯಜಮಾನರು ಬಂದು ಪಕ್ಕ ಕೂತು ತುಂಬಾ ಪ್ರೀತಿಯಿಂದ ಕೇಳಿದರು, "ಈಗ ಕೇಳಿಸ್ತಿದೆಯೇನೇ?"

"ಈಗ ಕೇಳಿಸ್ತಿದೆ" ಅಂದೆ.